ಓಟಕ್ಕುಂಟು, ಲೆಕ್ಕಕ್ಕಿಲ್ಲ

"ಏಯ್ ಮುಂಡೇದೇ, ಕಾಲು ತೊಳ್ಕೊಂಡು ಹುಲ್ಲಿನ ಮೇಲೆ ಇಡು ಅಂದ್ನಲ್ಲ! ನಿಮ್ಮಪ್ಪನ ತಿಪ್ಪೆ ಅಂದ್ಕೊಂಡ್ಯಾ ಇದು?"

ದೊಡ್ಡ ಶಾಲೆಯ ಡ್ರಿಲ್ ಮೇಷ್ಟ್ರು ಕೂಗಿದ್ದು ಎಲ್ಲರೂ ಕಡ್ಡಿ ಅಂತ ಕರೆಯುವ ಸಣಕಲು ಹುಡುಗಿಗೆ. ಆಗಲೇ ಒಮ್ಮೆ ನಲ್ಲಿಗೆ ಹೋಗಿ ಬಂದಿದ್ದಳು. ಹಿಮ್ಮಡಿಯ ಬಿರುಕಿಗಿಳಿದ ಕಲ್ಲುಪುಡಿ ನೀರಿಗೆ ಹೋಗುವಂಥದ್ದಲ್ಲ. ಮತ್ತೆ ಹೋಗಿ ತೊಳೆದಳು. ಬೇಜಾರೂ ಆಗಲಿಲ್ಲ.

ಅವಳ ಶಾಲೆಗೆ ಮೈದಾನವಿರಲಿಲ್ಲ. ಮಕ್ಕಳನ್ನು ವ್ಯಾನಿಗೆ ತುಂಬಿ ಸಾಹುಕಾರರ ದೊಡ್ಡ ಶಾಲೆಗೆ ತಂದಿದ್ದರು. ಯಾವ ಶಾಲೆಯ ಮಕ್ಕಳ ಎದೆ ಎಷ್ಟು ಗಟ್ಟಿ ಎಂದು ಓಡಿಸಿ ನೋಡಿ ಲೆಕ್ಕ ಬರೆದುಕೊಳ್ಳಲು ಡಾಕ್ಟರಮ್ಮ ಒಬ್ಬರು ಬಂದಿದ್ದರು. ಸೀಟಿ ಹೊಡೆದಾಗ ಈ ಗೆರೆಯಿಂದ ಆ ಗೆರೆಗೆ ಓಡಬೇಕು. ಮುಂದಿನ ಸೀಟಿಯೊಳಗೆ ಮುಟ್ಟದವರು ಹೊರಗೆ. ಸೀಟಿ ಬರಬರುತ್ತಾ ಬೇಗ ಬೇಗ ಬೀಳುತ್ತದೆ.

ದೊಡ್ಡ ಶಾಲೆಯವರು ಓಡಿ ಮುಗಿಸಿ, ಬೂಟು ಸಡಿಲಿಸಿಕೊಂಡು ನೆರಳಲ್ಲಿ ಕೂತಿದ್ದರು. ಕಡ್ಡಿ ಓಡಿದಳು. ಬೆಳಿಗ್ಗೆಯಷ್ಟೇ ಅವ್ವನ ಜೊತೆ ಕ್ರಷರಿನಲ್ಲಿ ಜಲ್ಲಿ ಹೊತ್ತು ಬಂದಿದ್ದಳು. ಕಾಲೇನೋ ಮುಂದಕ್ಕೆ ಹೋಯಿತು, ಎದೆ ಜೊತೆಗೆ ಬರಲಿಲ್ಲ. ಕೆಮ್ಮು ಹತ್ತಿ ನಡುದಾರಿಯಲ್ಲೇ ಕುಸಿದಳು.

"ಕಲ್ಲು ಹೊರೋ ಜಾತಿ, ಗಟ್ಟಿ ಪಿಂಡ ಅಂದ್ಕೊಂಡಿದ್ದೆ," ಕುರ್ಚಿಯಲ್ಲಿದ್ದ ಸಾಹುಕಾರರು ನಕ್ಕರು. "ಬಿಟ್ಟಿ ಊಟ ಹಾಕಿ ಹಾಕಿ ಸೋಂಬೇರಿ ಮಾಡಿಟ್ಟವ್ರೆ ನನ್ಮಕ್ಕಳನ್ನ."

ಡಾಕ್ಟರಮ್ಮ ಅವಳ ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟು ಆಲಿಸಿದರು. "ಕೆಮ್ಮು ಯಾವಾಗಿಂದ ಪುಟ್ಟಿ?"

"ಗೊತ್ತಿಲ್ಲ. ನಮ್ಮ ಕಡೆ ಎಲ್ರೂ ಕೆಮ್ತಾರೆ."

"ಎಲ್ಲಾದ್ರೂ ಕೆಲಸಕ್ಕೆ ಹೋಗ್ತೀಯಾ?"

ಅವಳ ಶಾಲೆಯ ಹೆಡ್ಮೇಷ್ಟ್ರು ಬಗ್ಗಿ ಕಿವಿಯಲ್ಲಿ ಉಸುರಿದರು: "ಇಲ್ಲ ಅನ್ನವ್ವ. ನಿಮ್ಮವ್ವನ ಹೊಟ್ಟೆ ಮೇಲೆ ಹೊಡೀಬೇಡ."

ಕಡ್ಡಿ ಸಾಹುಕಾರರ ಕಡೆ ಕೈ ತೋರಿಸಿದಳು. "ಇವ್ರ ಕ್ರಷರಿಗೆ. ಅವ್ವನ ಜೊತೆ."

ಡಾಕ್ಟರಮ್ಮ ಸಾಹುಕಾರರ ಮುಖ ನೋಡಿದರು. ಆಮೇಲೆ ತಲೆ ತಗ್ಗಿಸಿ, ಅವಳ ಎದೆಯ ನಂಬರ್ ಚೀಟಿಯ ಪಿನ್ನು ಬಿಚ್ಚಿದರು.

"ಕಾಯಿಲೆ ಇರೋರನ್ನ ಈ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲಮ್ಮ. ನೀನು ಹೋಗಿ ವ್ಯಾನಲ್ಲಿ ಕೂತ್ಕೋ."

ಕಡ್ಡಿ ಹೋಗಲಿಲ್ಲ. ಅಲ್ಲೇ ನೆಲಕ್ಕೆ ಕೂತಳು.

ಓಡಲು ಕಾದು ನಿಂತಿದ್ದ ಅವಳ ಶಾಲೆಯವರ ಸಾಲಿನಿಂದ ಅವಳ ಚಿಕ್ಕಪ್ಪನ ಮಗಳು ಬಂದಳು. ತನ್ನ ಚೀಟಿ ತಾನೇ ಬಿಚ್ಚಿ ಮೇಜಿನ ಮೇಲಿಟ್ಟಳು. "ನಂಗೂ ಕೆಮ್ಮು ಅದೆ."

ಹಿಂದೆಯೇ ಜಲ್ಲಿ ಲಾರಿ ತುಂಬುವವನ ಮಗ ಬಂದ. "ನಂಗೆ ರಕ್ತನೂ ಬತ್ತದೆ."

ಆಮೇಲೆ ಒಬ್ಬೊಬ್ಬರೇ ಬಂದರು, ಬಿಚ್ಚಿದರು, ಇಟ್ಟರು, ಕಡ್ಡಿಯ ಪಕ್ಕ ಕೂತರು. ಓಡಲು ಒಬ್ಬರೂ ಉಳಿಯಲಿಲ್ಲ.

"ಬೋಳಿಮಕ್ಳಾ!" ಸಾಹುಕಾರರು ಎದ್ದರು. "ನಾಳೆ ನಿಮ್ಮವ್ವಂದಿರು ಕೆಲಸ ಅಂತ ಹೆಂಗೆ ಬತ್ತಾರೋ ನೋಡ್ತೀನಿ!"

"ಏಳ್ರಪ್ಪಾ, ಕೈ ಮುಗೀತೀನಿ ಏಳ್ರಪ್ಪಾ," ಹೆಡ್ಮೇಷ್ಟ್ರು ಮಕ್ಕಳ ಮುಂದೆ ಬಗ್ಗಿದರು.

ಕಡ್ಡಿಗೆ ಎರಡೂ ಕೇಳಿಸಿತು. ಹೆದರಿಕೆ ಬರಬೇಕಿತ್ತು, ಬರಲಿಲ್ಲ. ಬಿಸಿಲು ನೆತ್ತಿಗೇರಿತ್ತು. ಯಾರೂ ಏಳಲಿಲ್ಲ.