ಮೇಷ್ಟ್ರ ಎಡಗಡೆ

ನಮ್ಮ ಶಾಲೆಯ ಲೈಬ್ರರಿ ಮೇಷ್ಟ್ರ ಎಡಗಡೆ ಯಾರೂ ನಾಲ್ಕು ಹೆಜ್ಜೆಗಿಂತ ಹೆಚ್ಚು ನಡೆದದ್ದಿಲ್ಲ. ಗೊತ್ತಿಲ್ಲದವರು ಆ ಕಡೆ ಸೇರಿಕೊಂಡರೆ ಮೇಷ್ಟ್ರು ಮಾತಿನ ನಡುವೆಯೇ ಗಾಣದೆತ್ತಿನಂತೆ ಅರ್ಧ ಸುತ್ತು ಹಾಕಿ, ಬಂದವರನ್ನು ತಮ್ಮ ಬಲಕ್ಕೆ ತಂದುಕೊಂಡು, ಏನೂ ಆಗದವರಂತೆ ವಾಕ್ಯವನ್ನು ಮುಗಿಸುತ್ತಿದ್ದರು. ಬಾಲ್ಯದ ಜ್ವರವೊಂದು ಅವರ ಎಡಗಿವಿಯನ್ನು ಒಯ್ದಿತ್ತು. ಪತ್ರಿಕೋದ್ಯಮ ತರಗತಿಯ ಮಕ್ಕಳು ಆಲಿಸುವ ಅಭ್ಯಾಸಕ್ಕೆ ಇಂಥವರ ಬಳಿಗೇ ಹೋಗುತ್ತಾರಲ್ಲ ಎಂದು ನಾವು ಸ್ಟಾಫ್ ರೂಮಿನಲ್ಲಿ ನಗುತ್ತಿದ್ದೆವು. "ನೀವಾದ್ರೆ ಒಂದು ಕಿವೀಲಿ ಕೇಳಿ ಇನ್ನೊಂದರಲ್ಲಿ ಬಿಡ್ತೀರಿ. ನನಗೆ ಆ ಅನುಕೂಲ ಇಲ್ಲ," ಎಂದು ಅವರೂ ನಗುತ್ತಿದ್ದರು.

ಮೊಣಕೈ ಸವೆದ ಬೂದು ಕೋಟಿನ ಜೇಬಿನಲ್ಲಿ ಸದಾ ಎರಡು ಪೆನ್ಸಿಲುಗಳು, ಕಪ್ಪು ಒಂದು, ಕೆಂಪು ಒಂದು. ಮಕ್ಕಳು ಎಲ್ಲಾದರೂ ಕಾಲು ಗಂಟೆ ಕೂತು ಕಿವಿಗೆ ಬಿದ್ದದ್ದನ್ನು ಬರೆದು ತರಬೇಕು. ಕೇಳಿದ್ದು ಕಪ್ಪಿನಲ್ಲಿ ಉಳಿಯುತ್ತಿತ್ತು, ಅಂದುಕೊಂಡದ್ದರ ಕೆಳಗೆ ಕೆಂಪು ಗೆರೆ ಬೀಳುತ್ತಿತ್ತು. 'ಕೋಪದಿಂದ ಬಾಗಿಲು ಹಾಕಿದರು' ಎಂದರೆ 'ಕೋಪದಿಂದ' ಎಂಬುದಕ್ಕೆ ಕೆಂಪು ತಪ್ಪಿದ್ದಲ್ಲ. ಸಂಜೆ ಐದಕ್ಕೆ, ಹಳೆಯ ಪತ್ರಿಕೆಗಳ ಮಸಿ ಹತ್ತಿದ ಕೈಯನ್ನು ಹೊರಗೆ ಪಡಸಾಲೆಯಲ್ಲಿ ಬಾಗಿಲ ಪಕ್ಕದ ನಲ್ಲಿಯಲ್ಲಿ ಎರಡೆರಡು ಬಾರಿ ಸೋಪು ಹಚ್ಚಿ ತೊಳೆದು, ಬೀಗ ಹಾಕಿ ಹೊರಡುವರು.

ಆ ನಲ್ಲಿಗೊಂದು ಕಥೆಯಿತ್ತು. ಒಂಬತ್ತು ವರ್ಷಗಳ ಹಿಂದೆ ಯಾರೋ ಅದನ್ನು ದಾರದಷ್ಟು ಸಣ್ಣಗೆ ಬಿಟ್ಟುಹೋಗಿ, ತೊಟ್ಟಿಯ ತೂತು ಕಟ್ಟಿಕೊಂಡು, ಎರಡು ದಿನದ ರಜೆಯಲ್ಲಿ ನೀರು ಲೈಬ್ರರಿಗೆ ನುಗ್ಗಿ, ಕೆಳಗಿನ ಸಾಲಿನ ಪತ್ರಿಕೆಗಳೆಲ್ಲ ಮುದ್ದೆಯಾಗಿದ್ದವು. 'ನಾನು ಬೀಗ ಹಾಕುವಾಗ ನಲ್ಲಿಯ ಸದ್ದಿರಲಿಲ್ಲ' ಎಂದು ಮೇಷ್ಟ್ರು ರಿಜಿಸ್ಟರಿನಲ್ಲಿ ಬರೆದರು. ಅವರ ಬಳಿಕ ಪಡಸಾಲೆಯ ಹೊರಬಾಗಿಲು ಮುಚ್ಚಿದವರು ಶಾಲೆಯ ಕಸ ಗುಡಿಸುವ ಆಯಮ್ಮ ಒಬ್ಬರೇ; ತಪ್ಪು ಅವರ ಮೇಲೆ ಬಿತ್ತು. ಕೆಲಸವೇನೋ ಉಳಿಯಿತು, ಬೀಗದ ಕೈ ಹೋಯಿತು, 'ನಲ್ಲಿ ಆಯಮ್ಮ' ಎಂಬ ಹೆಸರು ಬಂತು.

ಈ ವರ್ಷ ಆಯಮ್ಮನಿಗೆ ನಿವೃತ್ತಿ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು, ಎಲ್ಲದಕ್ಕೂ ಯಾಕೆ ಎನ್ನುತ್ತಿದ್ದುದರಿಂದ ಯಾಕಮ್ಮ ಎಂದೇ ಹೆಸರಾದವಳು, ಶಾಲಾ ಪತ್ರಿಕೆಗೆ ಅವರ ಬಗ್ಗೆ ಬರೆಯಲು ಹೊರಟು ಅವರ ಮಾತನ್ನು ಮೇಷ್ಟ್ರಿಗೆ ಓದಿ ಹೇಳಿದಳು: "ನಾನು ಆ ನಲ್ಲಿ ಮುಟ್ಟಿದ ನೆನಪಿಲ್ಲಮ್ಮ. ಆದ್ರೆ ಮೇಷ್ಟ್ರು ಸುಳ್ಳು ಹೇಳೋರಲ್ಲ. ಮುಟ್ಟಿರಬೇಕೇನೋ."

ಮೇಷ್ಟ್ರು ಕೆಂಪು ಪೆನ್ಸಿಲು ತೆಗೆದು, ಎಲ್ಲಿ ಗೆರೆ ಎಳೆಯುವುದೆಂದು ತಿಳಿಯದೆ ಮತ್ತೆ ಜೇಬಿಗಿಟ್ಟರು.

ಮರುದಿನ ಸಂಜೆ ಅವರು ಬೀಗ ಹಾಕುತ್ತಿದ್ದಾಗ ಹುಡುಗಿ ಈಗ ಏನೇನು ಕೇಳಿಸುತ್ತಿದೆ ಎಂದು ವಿಚಾರಿಸಿದಳು. ಮೈದಾನದ ಚೆಂಡು, ಮೇಲಿನ ಕೋಣೆಯ ಫ್ಯಾನು, ರಸ್ತೆಯ ಹಾರ್ನು ಎಂದು ಅವರು ಎಣಿಸಿದರು.

"ನಲ್ಲಿ ಸಾರ್?"

"ಇಲ್ಲವಲ್ಲ."

"ನಾನೇ ಸ್ವಲ್ಪ ಬಿಟ್ಟಿದ್ದೀನಿ ಸಾರ್. ನಿಮ್ಮ ಎಡಗಡೆ ಇದೆ."

ಮೇಷ್ಟ್ರು ಅಲ್ಲಿಯೇ ನಿಧಾನವಾಗಿ ಅರ್ಧ ಸುತ್ತು ಹಾಕಿ, ನಲ್ಲಿಯನ್ನು ಬಲಕ್ಕೆ ತಂದುಕೊಂಡು, ನೀರಿನ ಸದ್ದನ್ನು ಬಹಳ ಹೊತ್ತು ಕೇಳುತ್ತ ನಿಂತರಂತೆ.

ಆಮೇಲೆ ಮೂರು ದಿನ ಅವರು ಅವರಾಗಿರಲಿಲ್ಲ. ಪುಸ್ತಕ ಕೇಳಿದವರಿಗೆ ಬೇರೆ ಪುಸ್ತಕ ಕೊಟ್ಟರು. ನನ್ನ ಮೇಜಿನ ಬಳಿ ಬಂದು, "ಅವತ್ತು ನಾನು ಸುಳ್ಳು ಬರೆದೆನಾ?" ಎಂದರು. ಇಲ್ಲವೆಂದೆ. "ಹಾಗಾದ್ರೆ ನಿಜ ಬರೆದೆನಾ?" ಅದಕ್ಕೂ ಇಲ್ಲವೆಂದೆ. ಅಂದು ಕೈ ತೊಳೆದದ್ದು ಅವರಿಗೆ ನೆನಪಿತ್ತು; ನಲ್ಲಿ ತಿರುಗಿಸಿದ್ದು ಒಮ್ಮೆ ನೆನಪಾಗುತ್ತಿತ್ತು, ಒಮ್ಮೆ ಆಗುತ್ತಿರಲಿಲ್ಲ.

ನಾಲ್ಕನೆಯ ದಿನ ರಿಜಿಸ್ಟರು ತೆರೆದು, ತಾವೇ ಬರೆದ ಸಾಲಿನ ಕೆಳಗೆ ಆ ತುದಿಯಿಂದ ಈ ತುದಿಗೆ ಕೆಂಪು ಗೆರೆ ಎಳೆದು, ಆಯಮ್ಮನನ್ನು ಕರೆಸಿ ಕುರ್ಚಿ ಕೊಟ್ಟರು.

"ನಲ್ಲಿ ಬಿಟ್ಟಿದ್ದು ಯಾರು ಅಂತ ನನಗೆ ಗೊತ್ತಿಲ್ಲ ಆಯಮ್ಮ. ನಾನೇ ಇರಬಹುದು. ನನಗೆ ಕೇಳಿಸಲಿಲ್ಲ ಅನ್ನೋದನ್ನ ಸದ್ದೇ ಇರಲಿಲ್ಲ ಅಂತ ಬರೆದುಬಿಟ್ಟೆ."

ಆಯಮ್ಮ ತಲೆ ತಗ್ಗಿಸಿ ಏನೋ ಹೇಳಿದರು. ಅವರು ಕೂತದ್ದು ಎಡಗಡೆ. ಮೇಷ್ಟ್ರು ಎದ್ದು, ತಮ್ಮ ಕುರ್ಚಿಯನ್ನು ಎತ್ತಿಕೊಂಡು ಮೇಜನ್ನು ಬಳಸಿ ಬಂದು, ಅವರನ್ನು ಬಲಕ್ಕೆ ಮಾಡಿಕೊಂಡು ಕೂತರು. "ಇನ್ನೊಮ್ಮೆ ಹೇಳಿ."

"ಒಂಬತ್ತು ವರ್ಷದಿಂದ ನನ್ನ ಕೈ ಮೇಲೆ ನನಗೇ ನಂಬಿಕೆ ಇಲ್ಲ ಮೇಷ್ಟ್ರೇ. ಮನೇಲಿ ನಲ್ಲಿ ನಿಲ್ಲಿಸಿ, ಮತ್ತೆ ಹೋಗಿ ಮುಟ್ಟಿ ನೋಡಿ ಬರ್ತೀನಿ."

 ಬಾಗಿಲಲ್ಲಿ ನಿಂತಿದ್ದ ಹುಡುಗಿ ಅದನ್ನು ಕಪ್ಪಿನಲ್ಲಿ ಬರೆದುಕೊಂಡಳು. ಆ ಸಂಜೆ ಲೈಬ್ರರಿಗೆ ಬೀಗ ಹಾಕಿದವರು ಆಯಮ್ಮ.

ನಲ್ಲಿಯನ್ನು ಯಾರು ಬಿಟ್ಟರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಶಾಲಾ ಪತ್ರಿಕೆಯೂ ಗೊತ್ತಿಲ್ಲವೆಂದೇ ಬರೆಯಿತು. ಕಂಡದ್ದನ್ನು, ಕೇಳಿದ್ದನ್ನು ಹೇಳುವ ಸತ್ಯವಂತರು ಲೋಕದಲ್ಲಿ ಬೇಕಾದಷ್ಟಿದ್ದಾರೆ, ಅವರಿಂದಲೇ ಎಷ್ಟೋ ಜನರಿಗೆ ಅನ್ಯಾಯವೂ ಆಗಿದೆ. ತನಗೆ ಕೇಳಿಸದ ಕಡೆಯೊಂದಿದೆ ಎಂದು ನೆನಪಿಟ್ಟು, ವಯಸ್ಸಾದ ಮೇಲೂ ಕುರ್ಚಿ ಹೊತ್ತು ಸುತ್ತಿ ಬರುವವರು ಅಪರೂಪ; ಅಂಥವರು ತಡವಾಗಿ ಬಂದರೂ ಅವರಿಗಾಗಿ ಯಾರೋ ಒಬ್ಬರು ಕಾದು ಕೂತಿರುತ್ತಾರೆ.