ಕುರಿಮರಿ ಕೇಳಬಾರದ ಮಾತು

ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ಹಿರಿಯೂರಿನ ಮಹಿಳಾ ಸಂಘದ ಕೋಣೆಯಲ್ಲಿ ಇಂಗ್ಲಿಷ್ ಪಾಠ ಶುರುವಾಗುತ್ತದೆ. ಪಾಠ ಹೇಳುವ ಕಾವ್ಯಶ್ರೀ ಟೊಮೆಟೊ ಎತ್ತಿ ಹಿಡಿದರೆ ಹೆಂಗಸರೆಲ್ಲ ಒಂದೇ ದನಿಯಲ್ಲಿ "ಹೌ ಮಚ್ ಈಸ್ ದಿಸ್?" ಎನ್ನುತ್ತಾರೆ. ಕುರಿ ಸಾಕುವ ಮಲ್ಲಕ್ಕನ ತುಟಿ ಅಲುಗುತ್ತದೆ, ದನಿ ಮಾತ್ರ ಹೊರಡುವುದಿಲ್ಲ.

ಕಲಿಯಲೇಬೇಕಾದವಳು ಅವಳೇ. ಮಿಲಿಟರಿಯಲ್ಲಿರುವ ಅಳಿಯನಿಗೆ ಶಿಲ್ಲಾಂಗಿನಲ್ಲಿ ಕೆಲಸ. ಮಗಳು ಶಾಲಿನಿಗೆ ಅಲ್ಲೇ ದಿನ ತುಂಬುತ್ತಿದೆ. ಬಾಣಂತನಕ್ಕೆ ಹೊರಟವಳು ಮಲ್ಲಕ್ಕ. ಅಳಿಯ ಡ್ಯೂಟಿಗೆ ಹೋದರೆ, ಕನ್ನಡ ತಿಳಿಯದ ಆ ಊರಲ್ಲಿ ಬಾಣಂತಿಗೆ ಬೆಲ್ಲ, ಬೆಳ್ಳುಳ್ಳಿ ಅವಳೇ ತರಬೇಕು.

"ಬಾಯಾಗೆ ಕಡ್ಲೆ ಇಟ್ಕಂಡಿದ್ದೀಯೇನೇ? ಅಲ್ಲಿ ಅಂಗಡಿಯೋನು ನಿನ್ ಮಖ ನೋಡಿ ಬೆಲ್ಲ ತೂಗ್ತಾನಾ?" ಎಂದು ಪಕ್ಕದಲ್ಲಿ ಕೂತಿದ್ದ ಯಶೋದಾ ಛೇಡಿಸಿದಳು.

ಸಂತೆಯ ದಿನ ಕಾವ್ಯಶ್ರೀ ಎಲ್ಲರನ್ನೂ ಬೆಳ್ಳುಳ್ಳಿ ಮಾರುವ ಪಾಪಣ್ಣನ ಮುಂದೆ ನಿಲ್ಲಿಸಿದಳು. ಮಲ್ಲಕ್ಕನ ಸರದಿ ಬಂತು. ಅವಳು ಸೆರಗು ಹರಡಿ, ಅದರ ಮರೆಯಲ್ಲಿ ಪಾಪಣ್ಣನ ಬೆರಳು ಹಿಡಿದುಬಿಟ್ಟಳು!

"ಅಯ್ಯೋ ಅಕ್ಕ, ಇದು ಬೆಳ್ಳುಳ್ಳಿ, ಟಗರಲ್ಲ!" ಪಾಪಣ್ಣ ನಕ್ಕ. ಎಲ್ಲರೂ ನಕ್ಕರು.

ಕುರಿಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ; ಟವೆಲ್ಲಿನ ಮರೆಯಲ್ಲಿ ಬೆರಳು ಅದುಮಿ ತಿಳಿಸುತ್ತಾರೆ. ಗಂಡ ತೀರಿಕೊಂಡ ಮೇಲೆ ಮಲ್ಲಕ್ಕ ಹಾಗೆಯೇ ಕುರಿ ಮಾರಿ ಮಗಳನ್ನು ಬೆಳೆಸಿದವಳು.

ಬೇವಿನ ಮರದಡಿ ತಲೆ ತಗ್ಗಿಸಿ ಕೂತವಳ ಪಕ್ಕ ಕಾವ್ಯಶ್ರೀಯೂ ಕೂತಳು. "ರೇಟು ಬೇರೆಯೋರಿಗೆ ತಿಳೀಬಾರ್ದು ಅಂತ ತಾನೇ ಹಂಗ್ ಮಾಡೋದು, ಮಲ್ಲಕ್ಕ?"

"ಗಂಡಸ್ರು ಹಂಗಂತಾರೆ ಮೇಡಮ್ಮಾರೆ. ನಮ್ಮವ್ವ ಹೇಳ್ತಿದ್ದುದೇ ಬ್ಯಾರೆ. ಮರಿಗೆ ಕಿವಿ ಐತೆ, ಬೀರಪ್ಪ ದ್ಯಾವ್ರು ಕೊಟ್ಟ ಜೀವ ಅದು. ಮಡ್ಲಾಗೆ ಬೆಳೆದ ಮರಿ ತನ್ನ ಬೆಲೆನ ನಿನ್ ಬಾಯಾಗೆ ಕೇಳಬಾರ್ದು ಅನ್ನೋಳು. ಈಗ ಬೆಲೆ ಮಾತಾಡು ಅಂದ್ರೆ ಬಾಯೇ ಬರಾಕಿಲ್ಲ."

ಕಾವ್ಯಶ್ರೀ ಎದ್ದು ಹೋಗಿ ಒಂದು ಬೆಳ್ಳುಳ್ಳಿ ಗಡ್ಡೆ ತಂದು ಮಲ್ಲಕ್ಕನ ಅಂಗೈಯಲ್ಲಿಟ್ಟಳು. "ಇದ್ರ ಕಿವಿ ಎಲ್ಲೈತೆ, ತೋರ್ಸಕ್ಕ ನೋಡಾಣ."

ಮಲ್ಲಕ್ಕ ಅದನ್ನು ಹಿಂದೆ ಮುಂದೆ ತಿರುಗಿಸಿದಳು. ಮೆಲ್ಲಗೆ ನಗು ಬಂತು. ನಗುವಿನ ಬೆನ್ನಿಗೇ, ದೇವರನ್ನು ಕೇಳುವಷ್ಟು ಸಣ್ಣ ದನಿಯಲ್ಲಿ, "ಹೌ ಮಚ್ ಈಸ್ ದಿಸ್?" ಎಂದಳು.

"ಕೇಳಿಸ್ಲಿಲ್ಲ!" ಪಾಪಣ್ಣ ಅಲ್ಲಿಂದಲೇ ಕೂಗಿದ.

ಅವಳು ಇನ್ನೊಮ್ಮೆ ಕೇಳಿದಳು. ಸಂತೆಗೆಲ್ಲ ಕೇಳಿಸಿತು.

ಬಾಣಂತನ ಮುಗಿಯುತ್ತಾ ಬಂದಾಗ ಶಾಲಿನಿ ಕಾವ್ಯಶ್ರೀಗೆ ಶಿಲ್ಲಾಂಗಿನ ಪೇಟೆಯಿಂದ ವಿಡಿಯೋ ಕಾಲ್ ಮಾಡಿದಳು. "ನೋಡ್ರಿ ಮೇಡಂ, ನಮ್ಮವ್ವನ್ನ."

ಮಲ್ಲಕ್ಕ ಮೊಮ್ಮಗನನ್ನು ಹೆಗಲಿಗೆ ಒರಗಿಸಿಕೊಂಡು ಅಂಗಡಿಯ ಮುಂದೆ ನಿಂತಿದ್ದಳು. ಉಣ್ಣೆಯ ಕುಲಾವಿಯೊಂದನ್ನು ಗಲ್ಲದಿಂದ ತೋರಿಸಿದಳು. ಮೊದಲು ಅಂಗೈಯಿಂದ ಮಗುವಿನ ಕಿವಿ ಮುಚ್ಚಿದಳು. ಆಮೇಲೆ ಗಟ್ಟಿಯಾಗಿ ಬೆಲೆ ಕೇಳಿದಳು.