ಎರ್ಸಿಲಿಯಾಳ ಬೇಲಿಯ ಹಾಪ್ಸ್ ಹೂವು

ಕುದಿಯುವ ಬಿಯರಿಗೆ ಹಾಪ್ಸ್ ಹೂವನ್ನು ಯಾವಾಗ ಹಾಕಬೇಕೆಂದು ತಿಳಿಯದವರನ್ನು ಎಲ್ ಬೋಲ್ಸೋನ್ ಊರಿನಲ್ಲಿ ಅಯ್ಯೋ ಪಾಪ ಅನ್ನುತ್ತಾರೆ. ಮೊದಲೇ ಹಾಕಿ ಹೆಚ್ಚು ಹೊತ್ತು ಕುದಿಸಿದರೆ ಕಹಿ. ಕೊನೆಗೆ ಹಾಕಿ ಬೇಗ ಒಲೆ ಆರಿಸಿದರೆ ಘಮ. ಇದರಲ್ಲೇನು ಬ್ರಹ್ಮವಿದ್ಯೆ ಇದೆ? ಬಡಗಿ ಡೆಲ್ಫೋರನಿಗಂತೂ ನೀರು ಕುಡಿದಷ್ಟು ಸಲೀಸು. ಹಿತ್ತಲ ಶೆಡ್ಡಿನಲ್ಲಿ ಬಿಯರ್ ಕಾಸುತ್ತಲೇ ಅವನ ತಲೆ ಅರ್ಧ ನರೆತಿತ್ತು, ಮದುವೆಯೊಂದು ಆಗಿರಲಿಲ್ಲ.

ಆದರೆ ಈ ಸಲದ ಮಾತೇ ಬೇರೆ. ಪಕ್ಕದ ಬೀದಿಯಲ್ಲಿ ಬಟ್ಟೆ ಹೊಲಿಯುವ ಎರ್ಸಿಲಿಯಾ ತನ್ನ ಬೇಲಿಗೆ ಹಬ್ಬಿದ ಬಳ್ಳಿಯಿಂದ ಹಾಪ್ಸ್ ಹೂವನ್ನೆಲ್ಲ ಕೊಯ್ದು ಚೀಲದಲ್ಲಿ ತಂದುಕೊಟ್ಟಿದ್ದಳು.

"ಲೋಟ ಮೂಗಿನ ಹತ್ರ ತಂದ್ರೆ ನನ್ನ ಅಂಗಳದ ಘಮ ಬರ್ಬೇಕು ನೋಡು. ಇಲ್ಲಾಂದ್ರೆ ಮುಂದಿನ ವರ್ಷ ಬೇರೆಯವ್ರಿಗೆ ಕೊಡ್ತೀನಿ" ಎಂದಿದ್ದಳು.

ಈ ಬಿಯರ್ ಚೆನ್ನಾಗಿ ಬಂದರೆ, ಲೋಟ ಅವಳ ಕೈಗಿಟ್ಟು, ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿಯೇಬಿಡುವುದೆಂದು ಡೆಲ್ಫೋರ್ ನಿಶ್ಚಯಿಸಿದ್ದ. ಆ ಮಾತನ್ನು ಮುಂದೂಡುತ್ತ ವರ್ಷಗಳೇ ಆಗಿದ್ದವು.

ಕಾಸುವ ದಿನ, ಕುದಿತವೆಲ್ಲ ಮುಗಿಯುತ್ತ ಬಂದಾಗ, ಅವಳ ಹೂವನ್ನು ಹಂಡೆಗೆ ಸುರಿದ. ಶೆಡ್ಡೆಲ್ಲ ಘಮ್ಮೆಂದಿತು. ಇನ್ನೇನು ಒಲೆ ಆರಿಸಬೇಕು, ಅಷ್ಟರಲ್ಲಿ ಎರ್ಸಿಲಿಯಾ ಬಿಸಿನೀರಿನ ಫ್ಲಾಸ್ಕು, ಚಹಾದಂತೆ ಕುಡಿಯುವ ಮಾಟೆ ಸೊಪ್ಪು ತುಂಬಿದ ಸೋರೆ ಬುರುಡೆ ಹಿಡಿದು ಅಂಗಳಕ್ಕೇ ಬಂದಳು.

"ಬಾರೋ, ಎರಡು ಗುಟುಕು ಮಾಟೆ ಕುಡಿ. ನಿನ್ನ ಹಂಡೆ ಎಲ್ಲೂ ಓಡಿಹೋಗಲ್ಲ."

"ಬಂದೆ, ಬಂದೆ. ಒಂದೇ ಒಂದು."

ಒಂದೇ ಒಂದು ಮಾಟೆ ಕುಡಿದು ಎದ್ದವರನ್ನು ಆ ಊರು ಕಂಡಿಲ್ಲ. ಎರೆಯುವವಳು ಬುರುಡೆಗೆ ನೀರೆರೆದು ಕೊಡುತ್ತಲೇ ಇರಬೇಕು, ಕುಡಿಯುವವನು ನಳಿಕೆಯಲ್ಲಿ ಹೀರಿ ಮರಳಿಸುತ್ತಲೇ ಇರಬೇಕು. ಕುಡಿಯುವವನು 'ಥ್ಯಾಂಕ್ಸ್' ಅಂದರೆ 'ಇನ್ನು ಸಾಕು' ಎಂದರ್ಥ. ಆಗ ಎರೆಯುವವಳು ಫ್ಲಾಸ್ಕಿನ ಮುಚ್ಚಳ ಬಿಗಿದು ಎದ್ದುಬಿಡುತ್ತಾಳೆ. ಆ ಒಂದು ಪದ ಡೆಲ್ಫೋರನ ಬಾಯಿಗೆ ಬರಲೊಲ್ಲದು. ಹೋಗಿ ಒಲೆ ಆರಿಸಿ ಬರಬಹುದಿತ್ತಲ್ಲ ಅಂತೀರಾ? ತಾನೆದ್ದರೆ ಅವಳೂ ಎದ್ದುಬಿಟ್ಟಾಳೆಂಬ ಹೆದರಿಕೆ ಆ ದಡ್ಡನಿಗೆ.

ಶೆಡ್ಡಿನಲ್ಲಿ ಹಂಡೆ ಕೊತಕೊತ ಕುದಿಯುತ್ತಿತ್ತು. ಘಮವೆಲ್ಲ ಹಬೆಯಾಗಿ ಕಿಟಕಿ ದಾಟಿ ಹೋಗುವುದು ಅವನಿಗೆ ಕಾಣುತ್ತಲೇ ಇತ್ತು. ಎರ್ಸಿಲಿಯಾ, ಸೊಂಟದ ಅಳತೆಯಲ್ಲಿ ಸುಳ್ಳು ಹೇಳಿ ಮದುವೆಯ ದಿನವೇ ಲಂಗ ಹರಿದುಕೊಂಡ ಗಿರಾಕಿಯ ಕಥೆ ಹೇಳುತ್ತಿದ್ದಳು. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ, ಮತ್ತೆ ಬುರುಡೆ ಚಾಚಿದ. ಹೀಗೇ ಬಿಸಿಲು ಇಳಿಯಿತು.

ಕೆಲವು ವಾರ ಕಳೆದು, ಬಾಟಲಿ ತೆರೆಯುವ ಭಾನುವಾರ ಬಂತು. ಎರ್ಸಿಲಿಯಾ ಲೋಟ ಮೂಸಿದಳು. ಒಂದು ಗುಟುಕು ಕುಡಿದಳು. ಮುಖ ಹಿಂಡಿಕೊಂಡಿತು.

"ಇದೇನೋ ಇದು, ಜ್ವರದ ಔಷಧಿನಾ? ನನ್ನ ಹೂವೆಲ್ಲಿ?"

"ಅದ್ರಲ್ಲೇ ಇದೆ."

"ಮೊದ್ಲೇ ಹಾಕ್ಬಿಟ್ಯಾ, ಮಂಕುಮುಂಡೇದೆ?"

"ಹೊತ್ತಿಗೆ ಸರಿಯಾಗೇ ಹಾಕ್ದೆ. ಒಲೆ ಆರಿಸ್ಲಿಲ್ಲ, ಅಷ್ಟೆ." ಡೆಲ್ಫೋರನ ಕಿವಿ ಕೆಂಪಾದವು. "ನೀನು ಮಾಟೆ ಎರೀತಾ ಇದ್ದೆ. ನಾನು ಥ್ಯಾಂಕ್ಸ್ ಅಂದಿದ್ರೆ ನೀನು ಎದ್ದು ಹೋಗ್ಬಿಡ್ತಿದ್ದೆ."

ಎರ್ಸಿಲಿಯಾ ಲೋಟದೊಳಗೆ ಇಣುಕಿದಳು. ಕೇಳಬೇಕೆಂದಿದ್ದ ಮಾತು ಈ ಜನ್ಮಕ್ಕೆ ಇಷ್ಟೇ ಎಂದು ಡೆಲ್ಫೋರ್ ಅಂದುಕೊಂಡ.

"ಅವತ್ತು ಕೊನೆಕೊನೆಗೆ ಸೊಪ್ಪಿನ ಸಾರವೆಲ್ಲ ಹೋಗಿ ಬರೀ ಬಿಸಿನೀರಾಗಿತ್ತು" ಎಂದಳು ಅವಳು. "ನಿಂಗೆ ಗೊತ್ತಾಗ್ಲಿಲ್ವಾ?"

"ಇಲ್ಲ."

"ನಂಗೆ ಗೊತ್ತಿತ್ತು. ಆದ್ರೂ ಎರೀತಾನೇ ಇದ್ದೆ."

ಅವಳು ಕಣ್ಣು ಮುಚ್ಚಿ ಆ ಕಷಾಯವನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟಳು.

"ಮುಂದಿನ ಸಲ ಒಲೆ ಆರಿಸಿ ಬಂದು ಕೂತ್ಕೊ. ನಾನೆಲ್ಲಿಗೂ ಹೋಗಲ್ಲ."